ಕುಂಟುವ ನಾಯಿಗೆ ಮಾತ್ರೆ, ಅಕ್ಯುಪಂಕ್ಚರ್, ನೀರಿನ ವ್ಯಾಯಾಮ, ಆಪರೇಷನ್: ಯಾವುದು ಯಾವಾಗ?

ಎಂಟು ವರ್ಷ ದಾಟಿದ ಲ್ಯಾಬ್ರಡಾರ್ ಬೆಳಗ್ಗೆ ಏಳುವಾಗ ಹಿಂಗಾಲು ಎಳೆಯುತ್ತದೆ, ಹತ್ತು ಹೆಜ್ಜೆ ನಡೆದ ಮೇಲೆ ಸಡಿಲಾಗುತ್ತದೆ. ಮೆಟ್ಟಿಲ ಬುಡಕ್ಕೆ ಬಂದು ನಿಂತುಬಿಡುತ್ತದೆ. ಕಾರಿನ ಸೀಟಿಗೆ ಮುಂಗಾಲು ಇಟ್ಟು, ಉಳಿದದ್ದನ್ನು ನೀವೇ ಎತ್ತಿ ಎಂಬಂತೆ ಹಿಂದೆ ತಿರುಗಿ ನೋಡುತ್ತದೆ. ದೊಡ್ಡ ಊರುಗಳಲ್ಲಿ ಇಂಥ ನಾಯಿ ಸಾಕಿದವರ ಮುಂದೆ ಈಗ ಹಲವು ದಾರಿಗಳಿವೆ: ನೋವಿನ ಮಾತ್ರೆ, ಅಕ್ಯುಪಂಕ್ಚರ್, ಲೇಸರ್, ನೀರಿನ ಟ್ರೆಡ್‌ಮಿಲ್, ಆಪರೇಷನ್. ಜೊತೆಗೆ ಪಕ್ಕದ ಮನೆಯವರು ಹೇಳುವ ಎಣ್ಣೆ, ಕ್ಯಾಪ್ಸೂಲ್ ಬೇರೆ. ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಏನು ಕೆಟ್ಟಿದೆ, ಎಷ್ಟು ಕೆಟ್ಟಿದೆ, ಕಿಡ್ನಿ ಮತ್ತು ಲಿವರ್ ಹೇಗಿವೆ, ನಾಯಿಯ ತೂಕ ಎಷ್ಟು, ಇವು ಗೊತ್ತಾದರೆ ಮುಕ್ಕಾಲು ಪಾಲು ಆಯ್ಕೆ ತಾನಾಗಿ ಆಗುತ್ತದೆ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಅಕ್ಯುಪಂಕ್ಚರ್ ಬರೀ ಬೂಟಾಟಿಕೆಯಲ್ಲ. ಆದರೆ ಅದು ಎರಡನೆಯ ಅಥವಾ ಮೂರನೆಯ ಸಾಲಿನ ಚಿಕಿತ್ಸೆ. ಅದನ್ನೇ ಮೊದಲು ಹಿಡಿದವರು ದುಡ್ಡಿಗಿಂತ ಹೆಚ್ಚಾಗಿ ಸಮಯ ಕಳೆದುಕೊಳ್ಳುತ್ತಾರೆ. ಕೆಲವು ಕಾಯಿಲೆಗಳಲ್ಲಿ ಆ ಸಮಯ ಮತ್ತೆ ಸಿಗುವುದಿಲ್ಲ.

ಮೊದಲು ಕಾಯಿಲೆ ಯಾವುದು ಎಂದು ಗೊತ್ತಾಗಲಿ

ನಮ್ಮ ಕಡೆ ನಾಯಿ ಕುಂಟಿದರೆ ವಯಸ್ಸಿನ ಮೇಲೆ ಗೂಬೆ ಕೂರಿಸುವ ಮುಂಚೆ ಟಿಕ್ ಫೀವರ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಉಣ್ಣಿ (ಟಿಕ್) ಕಚ್ಚಿ ಹರಡುವ ಎರ್ಲಿಕಿಯಾ, ಅನಾಪ್ಲಾಸ್ಮಾ ಸೋಂಕುಗಳು ಕೀಲುಗಳನ್ನು ಊದಿಸುತ್ತವೆ. ಇವತ್ತು ಈ ಕಾಲು, ನಾಳೆ ಆ ಕಾಲು ಎಂಬಂತೆ ಕುಂಟು ಜಾಗ ಬದಲಿಸಿದರೆ, ಜೊತೆಗೆ ಮಂಕು, ಜ್ವರ, ಊಟ ಬಿಟ್ಟದ್ದು ಕಂಡರೆ ಮೊದಲು ರಕ್ತಪರೀಕ್ಷೆ. ಆರೋಗ್ಯವಾಗಿರುವ ನಾಯಿಯಲ್ಲಿ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಎರಡರಿಂದ ಐದು ಲಕ್ಷದೊಳಗೆ ಇರುತ್ತದೆ. ಎರ್ಲಿಕಿಯಾ ಬಂದಾಗ ಐವತ್ತು ಸಾವಿರಕ್ಕಿಂತ ಕೆಳಗೂ ಇಳಿಯಬಹುದು. ಇದಕ್ಕೆ ಔಷಧಿ ಡಾಕ್ಸಿಸೈಕ್ಲಿನ್: ದಿನಕ್ಕೆ ಕೆಜಿ ತೂಕಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ 28 ದಿನ, ಊಟದ ಜೊತೆ. ನಾಲ್ಕು ದಿನಕ್ಕೆ ನಾಯಿ ಕುಣಿದಾಡತೊಡಗಿತು ಎಂದು ಮಾತ್ರೆ ನಿಲ್ಲಿಸುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಪ್ಲೇಟ್‌ಲೆಟ್ ಅಷ್ಟು ಇಳಿದಿರುವ ನಾಯಿಗೆ ಸೂಜಿ ಚುಚ್ಚುವುದೂ ಅಪಾಯ, ಚರ್ಮದಡಿ ರಕ್ತ ಸೋರಿ ಸೇರಿಕೊಳ್ಳುತ್ತದೆ. ಅಕ್ಯುಪಂಕ್ಚರ್ ಶುರುಮಾಡುವ ಮೊದಲು ಇತ್ತೀಚಿನ ರಕ್ತಪರೀಕ್ಷೆಯ ವರದಿ ಕೇಳದವರ ಬಳಿ ಹೋಗಬೇಡಿ ಎನ್ನುವುದಕ್ಕೆ ಈ ಒಂದು ಕಾರಣ ಸಾಕು.

ಎರಡನೆಯದು ಮೊಣಕಾಲಿನೊಳಗೆ ಮೂಳೆಗಳನ್ನು ಬಿಗಿದಿಡುವ ಪಟ್ಟಿ, ಅಂದರೆ ಕ್ರೂಸಿಯೇಟ್ ಲಿಗಮೆಂಟ್, ಹರಿದಿರುವುದು. ಓಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಹಿಂಗಾಲು ಎತ್ತಿಬಿಡುತ್ತದೆ. ಕೂತಾಗ ಆ ಕಾಲನ್ನು ಮಡಚದೆ ಪಕ್ಕಕ್ಕೆ ಚಾಚುತ್ತದೆ. ವೈದ್ಯರು ತೊಡೆಮೂಳೆ ಹಿಡಿದು ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದಾಗ ಅದು ಡ್ರಾಯರ್‌ನಂತೆ ಜಾರುತ್ತದೆ. ಮೂರನೆಯದು ಬೆನ್ನುಹುರಿ. ನಾಲ್ಕನೆಯದು ಎಲ್ಲರೂ ಮರೆಯುವ ಮೂಳೆಯ ಕ್ಯಾನ್ಸರ್. ದೊಡ್ಡ ತಳಿಯ ನಾಯಿಗಳಲ್ಲಿ ಮುಂಗಾಲಿನ ಮಣಿಕಟ್ಟಿನ ಮೇಲ್ಭಾಗ, ಭುಜ, ಮೊಣಕಾಲಿನ ಸುತ್ತ ಇದು ಹೆಚ್ಚು. ನೋವು ದಿನೇದಿನೇ ಏರುತ್ತಿದ್ದರೆ, ಗಟ್ಟಿಯಾದ ಊತ ಕೈಗೆ ಸಿಕ್ಕರೆ, ಎಕ್ಸ್‌ರೇ ಆಗುವವರೆಗೆ ಬೇರೆ ಯಾವುದನ್ನೂ ಶುರುಮಾಡಬೇಡಿ.

ಸೊಂಟದ ಎಕ್ಸ್‌ರೇಗೆ ನಾಯಿಯನ್ನು ಬೆನ್ನ ಮೇಲೆ ಮಲಗಿಸಿ ಎರಡೂ ಕಾಲನ್ನು ಸಮನಾಗಿ ಎಳೆದು ಹಿಡಿಯಬೇಕು. ನೋವಿರುವ ನಾಯಿ ಎಚ್ಚರವಾಗಿದ್ದಾಗ ಇದಕ್ಕೆ ಒಪ್ಪುವುದಿಲ್ಲ. ಅದಕ್ಕೇ ಮಂಪರು ಕೊಡುತ್ತಾರೆ. ಮಂಪರಿಗೆ ಹೆದರಿ ಓರೆಕೋರೆ ಎಕ್ಸ್‌ರೇ ತೆಗೆಸಿದರೆ ದುಡ್ಡೂ ದಂಡ, ತೀರ್ಮಾನವೂ ತಪ್ಪು. ಇನ್ನೊಂದು ಮಾತು: ಎಕ್ಸ್‌ರೇ ಎಷ್ಟು ಕೆಟ್ಟದಾಗಿದೆ ಎನ್ನುವುದಕ್ಕೂ ನಾಯಿಗೆ ಎಷ್ಟು ನೋವಿದೆ ಎನ್ನುವುದಕ್ಕೂ ನೇರ ಸಂಬಂಧವಿಲ್ಲ. ಚಿತ್ರದಲ್ಲಿ ಸೊಂಟದ ಕೀಲು ಪೂರ್ತಿ ಸವೆದಿದ್ದರೂ ಚೆಂಡಿನ ಹಿಂದೆ ಓಡುವ ನಾಯಿಗಳುಂಟು.

ರೋಗ ಗೊತ್ತುಮಾಡಿಕೊಳ್ಳುವ ಹಂತದಲ್ಲಿ ಖರ್ಚು ಹಗುರವಾಗಬೇಕೆಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಮೊದಲು ಹೋಗಿ. ಬೀದರ್, ಹಾಸನ, ಶಿವಮೊಗ್ಗ, ಗದಗಗಳಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಕಾಯಬೇಕಾಗುತ್ತದೆ, ಅದು ನಿಜ.

ನೋವಿನ ಮಾತ್ರೆ

ಕೀಲು ಸವೆತದ ನೋವಿಗೆ ಅತಿ ಗಟ್ಟಿಯಾದ ಪುರಾವೆ ಇರುವುದು ಉರಿಯೂತ ತಗ್ಗಿಸುವ ಮಾತ್ರೆಗಳಿಗೆ. ಮೆಲಾಕ್ಸಿಕಾಂ, ಕಾರ್ಪ್ರೊಫೆನ್ ಈ ಗುಂಪಿನವು. ಮೆಲಾಕ್ಸಿಕಾಂ ನಾಯಿಗೆ ಮೊದಲ ದಿನ ಕೆಜಿಗೆ 0.2 ಮಿಲಿಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1 ಮಿಲಿಗ್ರಾಂ, ಊಟದ ಜೊತೆ. ಮೂವತ್ತು ಕೆಜಿ ನಾಯಿಗೆ ಅಂದರೆ 3 ಮಿಲಿಗ್ರಾಂ. ಮನುಷ್ಯರ ಮೆಲಾಕ್ಸಿಕಾಂ ಮಾತ್ರೆ 7.5 ಮತ್ತು 15 ಮಿಲಿಗ್ರಾಂನದು. "ಅದೇ ಔಷಧಿ ತಾನೇ" ಎಂದು ಐದು ಕೆಜಿ ಪೊಮೆರೇನಿಯನ್‌ಗೆ ಒಂದು ಸಣ್ಣ ಮಾತ್ರೆ ಹಾಕಿದರೂ ಅದು ಹದಿನೈದು ಪಟ್ಟು ಆಯಿತು. ನಾಯಿಗೆಂದೇ ಬರುವ ದ್ರವರೂಪದ ಔಷಧಿ, ಅದರ ಜೊತೆಯ ಸಿರಿಂಜ್, ಇದೇ ಸುರಕ್ಷಿತ.

ಶುರುಮಾಡುವ ಮೊದಲು ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿಗೆ), ಎಎಲ್‌ಟಿ (ಲಿವರ್‌ಗೆ) ನೋಡಿಸಿ. ಎರಡರಿಂದ ನಾಲ್ಕು ವಾರದಲ್ಲಿ ಇನ್ನೊಮ್ಮೆ. ದೀರ್ಘಕಾಲ ಮುಂದುವರಿಸಿದರೆ ಮೂರರಿಂದ ಆರು ತಿಂಗಳಿಗೊಮ್ಮೆ. ವಾಂತಿ, ಡಾಂಬರಿನಂಥ ಕಪ್ಪು ಮಲ, ಊಟ ಬಿಡುವುದು, ಇದ್ದಕ್ಕಿದ್ದಂತೆ ನೀರು ಹೆಚ್ಚು ಕುಡಿಯುವುದು, ಇವುಗಳಲ್ಲಿ ಒಂದು ಕಂಡರೂ ಅವತ್ತಿನ ಮಾತ್ರೆ ಕೊಡದೆ ಫೋನ್ ಮಾಡಬೇಕು. ಅತಿ ಹೆಚ್ಚು ಅನಾಹುತ ಆಗುವುದು ಸ್ಟೆರಾಯ್ಡ್ ಜೊತೆ ಬೆರೆತಾಗ. ಚರ್ಮದ ತುರಿಕೆಗೆ ಒಬ್ಬ ವೈದ್ಯರು ಪ್ರೆಡ್ನಿಸೊಲೋನ್ ಕೊಟ್ಟಿರುತ್ತಾರೆ, ಕುಂಟಿಗೆ ಇನ್ನೊಬ್ಬರು ಮೆಲಾಕ್ಸಿಕಾಂ ಬರೆಯುತ್ತಾರೆ, ಇಬ್ಬರಿಗೂ ಮತ್ತೊಂದು ಚೀಟಿ ಗೊತ್ತಿರುವುದಿಲ್ಲ. ಎರಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ತೂತೇ ಬೀಳಬಹುದು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಐದರಿಂದ ಏಳು ದಿನ ಅಂತರ ಇರಲಿ. ಅಕ್ಯುಪಂಕ್ಚರ್ ಮಾಡುವವರ ಬಳಿಗೂ ಚೀಟಿಗಳ ಪೂರ್ತಿ ಕಟ್ಟು ತೆಗೆದುಕೊಂಡು ಹೋಗಿ.

ಮನೆಯ ಔಷಧಿ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಗೆ ಬೇಡವೇ ಬೇಡ. ಡೈಕ್ಲೊಫೆನಾಕನ್ನು ಪಶುಗಳಿಗೆ ಬಳಸುವುದನ್ನು ಭಾರತ 2006ರಲ್ಲೇ ನಿಷೇಧಿಸಿದೆ. ಅದು ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವಂಥ ರಣಹದ್ದುಗಳ ಸಂತತಿ ಉಳಿಸಲು ಮಾಡಿದ ಕ್ರಮ. ನಾಯಿಯ ಹೊಟ್ಟೆ ಮತ್ತು ಕಿಡ್ನಿಯ ಕಾರಣ ಬೇರೆಯೇ ಇದೆ.

ಕಿಡ್ನಿ ಸೋತಿರುವ ನಾಯಿಗೆ ಈ ಗುಂಪು ಸಲ್ಲದು. ಆಗ ಗ್ಯಾಬಪೆಂಟಿನ್ ಬರುತ್ತದೆ: ಕೆಜಿಗೆ 5ರಿಂದ 10 ಮಿಲಿಗ್ರಾಂ, ದಿನಕ್ಕೆ ಎರಡು ಅಥವಾ ಮೂರು ಸಲ. ಇದು ಕಿಡ್ನಿಯ ಮೂಲಕವೇ ಹೊರಹೋಗುವುದರಿಂದ ಕಿಡ್ನಿ ರೋಗಿಗಳಲ್ಲಿ ಪ್ರಮಾಣ ತಗ್ಗಿಸುತ್ತಾರೆ. ಮೊದಲ ಕೆಲವು ದಿನ ನಾಯಿ ತೂರಾಡುತ್ತದೆ, ಹೆಚ್ಚು ನಿದ್ದೆ ಮಾಡುತ್ತದೆ. ಕ್ಯಾಪ್ಸೂಲನ್ನೇ ಕೊಡಿ; ಮನುಷ್ಯರಿಗಾಗಿ ಬರುವ ಸಿರಪ್ಪಿನಲ್ಲಿ ಝೈಲಿಟಾಲ್ ಎಂಬ ಸಿಹಿ ಇರಬಹುದು, ಅದು ನಾಯಿಗೆ ವಿಷ. ತಿಂಗಳುಗಟ್ಟಲೆ ಕೊಟ್ಟದ್ದನ್ನು ಒಮ್ಮೆಲೇ ನಿಲ್ಲಿಸಬಾರದು. ಟ್ರಮಡಾಲ್ ಇನ್ನೂ ಹಲವರು ಬರೆಯುತ್ತಾರೆ. ನಾಯಿಯ ಕೀಲುನೋವಿಗೆ ಅದರಿಂದ ಅಂಥ ಪ್ರಯೋಜನ ಕಂಡುಬಂದಿಲ್ಲ.

ವಿದೇಶದಲ್ಲಿರುವ ಕನ್ನಡಿಗರಿಗೆ ತಿಂಗಳಿಗೊಮ್ಮೆ ಚುಚ್ಚುವ ಬೆಡಿನ್‌ವೆಟ್‌ಮ್ಯಾಬ್ ಇಂಜೆಕ್ಷನ್ನಿನ ಆಯ್ಕೆಯೂ ಎದುರಾಗುತ್ತದೆ. ಅಮೆರಿಕದಲ್ಲಿ ಅದಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಕೊನೆಯಲ್ಲಿ ಅಲ್ಲಿನ ಔಷಧ ನಿಯಂತ್ರಕರು ತೂರಾಟ, ಫಿಟ್ಸ್‌ನಂಥ ಅಡ್ಡಪರಿಣಾಮಗಳ ಬಗ್ಗೆ ಪಶುವೈದ್ಯರಿಗೆ ಎಚ್ಚರಿಕೆ ಪತ್ರ ಬರೆದರು. ಬೆನ್ನುಹುರಿಯ ತೊಂದರೆ ಇರುವ ನಾಯಿಯಾದರೆ ಈ ವಿಷಯವನ್ನು ವೈದ್ಯರ ಬಳಿ ಬಿಡಿಸಿ ಕೇಳಿ.

ಅಕ್ಯುಪಂಕ್ಚರ್: ಏನು ನಡೆಯುತ್ತದೆ, ಏನು ನಿರೀಕ್ಷಿಸಬಹುದು

ಬಳಸುವ ಸೂಜಿ ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ. ಗಟ್ಟಿ ತಂತಿಯಂಥದು, ದಪ್ಪ ಸುಮಾರು 0.16ರಿಂದ 0.30 ಮಿಲಿಮೀಟರ್, ಉದ್ದ ಅರ್ಧ ಇಂಚಿನಿಂದ ಒಂದೂವರೆ ಇಂಚು. ಪ್ರತಿ ಸೂಜಿಯೂ ಸೀಲ್ ಮಾಡಿದ ಪೊಟ್ಟಣದಲ್ಲಿ ಬಂದು ಒಮ್ಮೆ ಬಳಸಿ ಎಸೆಯುವಂಥದು. ಕುದಿಸಿ ಮತ್ತೆ ಬಳಸುವವರನ್ನು ಕಂಡರೆ ನಾಯಿಯನ್ನು ಎತ್ತಿಕೊಂಡು ವಾಪಸ್ ಬನ್ನಿ.

ಒಳ್ಳೆಯ ಸೆಷನ್ ಶುರುವಾಗುವುದು ಕೈಯಿಂದ, ಸೂಜಿಯಿಂದಲ್ಲ. ವೈದ್ಯರು ಮೊದಲ ಐದು ನಿಮಿಷ ಭುಜದಿಂದ ಸೊಂಟದವರೆಗೆ ಬೆನ್ನೆಲುಬಿನ ಎರಡೂ ಬದಿ ಹೆಬ್ಬೆರಳು ಒತ್ತುತ್ತ ಹೋಗುತ್ತಾರೆ. ಎಲ್ಲಿ ಚರ್ಮ ಅದುರುತ್ತದೆ, ಎಲ್ಲಿ ನಾಯಿ ತಿರುಗಿ ನೋಡುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಹಿಂಗಾಲು ಕುಂಟುವ ಬಹಳಷ್ಟು ನಾಯಿಗಳ ಮುಂಭುಜ ಮತ್ತು ನಡುಬೆನ್ನಿನ ಸ್ನಾಯುಗಳೂ ಭಾರ ಹೊತ್ತು ಹೊತ್ತು ಬಿಗಿದಿರುತ್ತವೆ. ಎಕ್ಸ್‌ರೇಯಲ್ಲಿ ಕಾಣದ ಈ ನೋವಿನಲ್ಲೇ ಸೂಜಿಯ ಫಲ ಬೇಗ ಕಾಣುವುದು ಎಂಬುದು ನಮ್ಮ ಅಂದಾಜು.

ಆಮೇಲೆ ಮೊದಲ ಸೂಜಿ. ಅಕ್ಯುಪಂಕ್ಚರ್‌ನಲ್ಲಿ ಪ್ರತಿ ಬಿಂದುವಿಗೂ ಒಂದು ಹೆಸರು ಅಥವಾ ಸಂಕೇತವಿದೆ. ನೆತ್ತಿಯ ಮೇಲಿನ ಜಿವಿ 20 ಅಥವಾ ಸೊಂಟದ ಕೊನೆಯ ಮೂಳೆ ಮತ್ತು ತ್ರಿಕದ (ಬಾಲಕ್ಕೆ ಮುಂಚಿನ ಮೂಳೆ) ನಡುವಿನ ತಗ್ಗಿನಲ್ಲಿರುವ ಬೈ ಹುಯಿ, ಈ ಎರಡರಲ್ಲೊಂದರಿಂದ ಶುರುಮಾಡಿದರೆ ನಾಯಿ ಸಮಾಧಾನಕ್ಕೆ ಬರುತ್ತದೆ. ಸೊಂಟದ ಕೀಲಿನ ಸುತ್ತ ಬಿಎಲ್ 54, ಜಿಬಿ 29, ಜಿಬಿ 30. ಮೊಣಕಾಲಿನ ಕೆಳಗೆ ಹೊರಬದಿಯ ಸ್ನಾಯುವಿನಲ್ಲಿ ಎಸ್‌ಟಿ 36. ಹಿಮ್ಮಡಿಯ ಸ್ನಾಯುರಜ್ಜುವಿನ ಮುಂದಿನ ತೆಳು ಚರ್ಮದಲ್ಲಿ ಎದುರುಬದುರಾಗಿ ಬಿಎಲ್ 60 ಮತ್ತು ಕೆಐ 3. ಒಟ್ಟು ಎಂಟರಿಂದ ಹದಿನೈದು ಸೂಜಿ, ಹದಿನೈದು–ಇಪ್ಪತ್ತು ನಿಮಿಷ. ನಾಯಿ ಮನೆಯಿಂದ ತಂದ ತನ್ನದೇ ಚಾಪೆಯ ಮೇಲೆ ಮಲಗಿದ್ದರೆ ಅರ್ಧ ಕೆಲಸ ಮುಗಿದಂತೆ. ಎಷ್ಟೋ ನಾಯಿಗಳು ಐದನೇ ನಿಮಿಷಕ್ಕೆ ತೂಕಡಿಸುತ್ತವೆ.

ಸೂಜಿ ಚುಚ್ಚಿದ ಜಾಗದ ನರತಂತುಗಳು ಬೆನ್ನುಹುರಿಗೆ ಕಳಿಸುವ ಸಂಕೇತ ನೋವಿನ ಸಂಕೇತವನ್ನು ಅಡ್ಡಗಟ್ಟುತ್ತದೆ, ಮೆದುಳಿನಲ್ಲಿ ಎಂಡಾರ್ಫಿನ್‌ನಂಥ ನೋವುಶಾಮಕಗಳು ಬಿಡುಗಡೆಯಾಗುತ್ತವೆ. ಎರಡೆರಡು ಸೂಜಿಗಳಿಗೆ ಕ್ಲಿಪ್ ಹಾಕಿ ಸಣ್ಣ ವಿದ್ಯುತ್ ಹರಿಸುವುದು ಎಲೆಕ್ಟ್ರೋ ಅಕ್ಯುಪಂಕ್ಚರ್. 2ರಿಂದ 10 ಹರ್ಟ್ಸ್ ಕಂಪನದಲ್ಲಿ ಎಂಡಾರ್ಫಿನ್, ಎನ್ಕೆಫಲಿನ್ ಕಡೆ, 100 ಹರ್ಟ್ಸ್ ಸುತ್ತಮುತ್ತ ಡೈನಾರ್ಫಿನ್ ಎಂಬ ಇನ್ನೊಂದು ನೋವುಶಾಮಕದ ಕಡೆ ಒಲವು. ಯಂತ್ರದ ಗುಂಡಿ ಸೊನ್ನೆಯಲ್ಲಿದೆ ಎಂದು ನೋಡಿ, ಕ್ಲಿಪ್ ಹಾಕಿ, ಸ್ನಾಯು ಸಣ್ಣಗೆ ಮಿಡಿಯುವವರೆಗೆ ಮಾತ್ರ ಏರಿಸಬೇಕು. ಗುಂಡಿ ನೋಡದೆ ಸ್ವಿಚ್ ಒತ್ತಿದರೆ ನಾಯಿ ಕಿರುಚಿ ಎದ್ದೋಡುತ್ತದೆ. ಆಮೇಲೆ ಆ ಕೋಣೆಯ ಬಾಗಿಲಿಗೂ ಬರುವುದಿಲ್ಲ. ಸುಮ್ಮನೆ ಕೂರದ ನಾಯಿಗೆ ಅದೇ ಬಿಂದುಗಳಲ್ಲಿ ಅರ್ಧ ಎಂಎಲ್‌ಗಿಂತ ಕಡಿಮೆ ಬಿ12 ಚುಚ್ಚಿ ಬಿಡುವ ವಿಧಾನವೂ ಇದೆ. ಒಣಗಿಸಿದ ಮಾಚಿಪತ್ರೆಯ ಜಾತಿಯ ಗಿಡದ ಬತ್ತಿ ಹೊತ್ತಿಸಿ ಬಿಸಿ ತಾಗಿಸುವ ಮಾಕ್ಸಾ ಚಳಿಗೆ ಹೆಚ್ಚುವ ನೋವಿಗೆಂದು ಮಾಡುತ್ತಾರೆ. ಕೂದಲಿಗೆ ಬೆಂಕಿ ತಾಗದಂತೆ ನೋಡಿಕೊಳ್ಳಬೇಕು, ಹೊಗೆಯೂ ಜಾಸ್ತಿ.

ತಪ್ಪುವುದು ಎಲ್ಲೆಲ್ಲಿ? ನಾಯಿ ಮೈ ಕೊಡವಿದಾಗ ಸೂಜಿ ಹಾರಿ ಬೀಳುತ್ತದೆ. ಅದಕ್ಕೇ ಹಾಕಿದ್ದೆಷ್ಟು ತೆಗೆದದ್ದೆಷ್ಟು ಎಂದು ಎಣಿಸಲೇಬೇಕು. ಒಂದು ಕಡಿಮೆ ಬಂದು ನಾಯಿ ನುಂಗಿರುವ ಅನುಮಾನವಿದ್ದರೆ ಅವತ್ತೇ ಎಕ್ಸ್‌ರೇ. ಸ್ನಾಯು ಬಿಗಿದು ಸೂಜಿ ಸಿಕ್ಕಿಕೊಂಡರೆ ಎಳೆಯಬಾರದು, ಎರಡು ನಿಮಿಷ ಬಿಟ್ಟು ಸುತ್ತ ತಟ್ಟಿದರೆ ಸಡಿಲವಾಗುತ್ತದೆ. ಪಕ್ಕೆಲುಬಿನ ಮೇಲೆ ನೇರವಾಗಿ ಆಳಕ್ಕೆ ಚುಚ್ಚಿದರೆ ಎದೆಗೂಡಿನೊಳಗೆ ಗಾಳಿ ಸೇರುವ ಅಪಾಯ. ಅಲ್ಲಿ ಓರೆಯಾಗಿ, ಮೇಲ್ಮೇಲೆ ಮಾತ್ರ. ಗಡ್ಡೆಯ ಒಳಗೆ ಅಥವಾ ಅದರ ಸುತ್ತ, ಸೋಂಕಾದ ಚರ್ಮದ ಮೇಲೆ ಸೂಜಿ ಸಲ್ಲದು. ಗರ್ಭಿಣಿ ನಾಯಿಗೆ ಹೊಟ್ಟೆ ಮತ್ತು ಸೊಂಟದ ಬಿಂದುಗಳು ವರ್ಜ್ಯ. ಫಿಟ್ಸ್ ಬರುವ ನಾಯಿಗೆ, ಪೇಸ್‌ಮೇಕರ್ ಇರುವ ನಾಯಿಗೆ ವಿದ್ಯುತ್ ಬೇಡ.

ಸೆಷನ್ ಆದ ದಿನ ನಾಯಿ ಹೆಚ್ಚು ಮಲಗುತ್ತದೆ. ಕೆಲವು ನಾಯಿಗಳು ಮಾರನೆಯ ದಿನ ಇನ್ನಷ್ಟು ಬಿಗಿದಂತೆ ಕಂಡು ಎರಡನೇ ದಿನಕ್ಕೆ ಹಗುರಾಗುತ್ತವೆ. ವಾರಕ್ಕೊಂದರಂತೆ ನಾಲ್ಕರಿಂದ ಆರು ಸೆಷನ್ ರೂಢಿ. ನಾಲ್ಕು ಮುಗಿದ ಮೇಲೂ ಏನೂ ಬದಲಾಗದಿದ್ದರೆ ನಿಲ್ಲಿಸಿ. ಗುಣ ಕಂಡರೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಹತ್ತು ಸೆಷನ್ನಿನ ಪ್ಯಾಕೇಜಿಗೆ ಮುಂಗಡ ಕೇಳುವವರಿಗೆ, ಮೊದಲು ನಾಲ್ಕು ನೋಡೋಣ ಎನ್ನಿ.

ಪುರಾವೆಯ ವಿಷಯ ಮುಚ್ಚಿಡುವಂಥದ್ದೇನಿಲ್ಲ. ನಾಯಿಗಳ ಕೀಲು ಸವೆತಕ್ಕೆ ಅಕ್ಯುಪಂಕ್ಚರ್ ಕುರಿತು ನಡೆದ ಅಧ್ಯಯನಗಳು ಸಣ್ಣವು, ಫಲಿತಾಂಶ ಮಿಶ್ರ. ಸಾಕಿದವರ ಕಣ್ಣೂ ಮೋಸ ಮಾಡುತ್ತದೆ: 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಔಷಧಿಯಿಲ್ಲದ ಹುಸಿಮಾತ್ರೆ ತಿಂದ 58 ನಾಯಿಗಳನ್ನು ನೋಡಿದ ಮಾಲೀಕರು ಶೇಕಡ 57ರಷ್ಟು ಸಲ, ಅಳತೆಯಲ್ಲಿ ಏನೂ ಸುಧಾರಿಸದಿದ್ದರೂ ಸುಧಾರಣೆ ಕಂಡಂತೆ ಹೇಳಿದರು. ವೈದ್ಯರೂ ಶೇಕಡ 40–45ರಷ್ಟು ಸಲ ಹಾಗೆಯೇ ಹೇಳಿದರು. ಹಾಗಾಗಿ ಅಂದಾಜು ಬಿಟ್ಟು ಬರೆದಿಡಿ. ನಿಮ್ಮ ನಾಯಿಗೆ ಕಷ್ಟವಾಗಿರುವ ಐದು ಕೆಲಸ ಆರಿಸಿ (ಮಲಗಿದಲ್ಲಿಂದ ಏಳುವುದು, ಮೂರು ಮೆಟ್ಟಿಲು ಹತ್ತುವುದು, ಕಾಲೆತ್ತಿ ಉಚ್ಚೆ ಮಾಡುವುದು, ಹೀಗೆ), ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡಿ, ವಾರಕ್ಕೊಮ್ಮೆ ಅದೇ ಹೊತ್ತಿಗೆ. ಒಂದೇ ಜಾಗದಲ್ಲಿ ಪಕ್ಕದಿಂದ, ಹಿಂದಿನಿಂದ ಇಪ್ಪತ್ತು ಸೆಕೆಂಡಿನ ವಿಡಿಯೋ ಮಾಡಿ. ಮಾತ್ರೆ ಮತ್ತು ಸೂಜಿಯನ್ನು ಒಂದೇ ವಾರ ಶುರುಮಾಡಿದರೆ ಯಾವುದರಿಂದ ಗುಣ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಎರಡರ ನಡುವೆ ಮೂರು ವಾರ ಬಿಡಿ.

ಹಾಗಾದರೆ ಯಾರಿಗೆ? ಕಿಡ್ನಿ ಅಥವಾ ಲಿವರ್ ಕಾರಣಕ್ಕೆ ಮಾತ್ರೆ ತಡೆಯದ ನಾಯಿಗೆ. ಮಾತ್ರೆಯಿಂದ ಅರ್ಧ ಗುಣವಾಗಿ ಅಲ್ಲೇ ನಿಂತ ನಾಯಿಗೆ. ಬೆನ್ನಿನ ಸ್ನಾಯು ಬಿಗಿದ ನಾಯಿಗೆ. ಮುಟ್ಟಿಸಿಕೊಳ್ಳದ, ಆಸ್ಪತ್ರೆಯೆಂದರೆ ನಡುಗುವ ನಾಯಿಗೆ ಬೇಡ. ಹೆದರಿಕೆಯಲ್ಲಿ ಬಿಗಿದ ಸ್ನಾಯುವಿಗೆ ಸೂಜಿ ಹಾಕಿ ಫಲವಿಲ್ಲ.

ಮಾಡುವವರು ಯಾರು ಎಂಬುದು ಕೊನೆಯ ಮಾತಲ್ಲ, ಮೊದಲ ಮಾತಾಗಬೇಕು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪ್ರಾಣಿಗಳಿಗೆ ವೈದ್ಯ ಮಾಡಲು ನೋಂದಾಯಿತ ಪಶುವೈದ್ಯರಾಗಿರಬೇಕು. ಮನುಷ್ಯರಿಗೆ ಅಕ್ಯುಪಂಕ್ಚರ್ ಕಲಿತವರಿಗೆ ನಾಯಿಯ ಬೆನ್ನುಹುರಿಯೂ ಗೊತ್ತಿಲ್ಲ, ಟಿಕ್ ಫೀವರೂ ಗೊತ್ತಿಲ್ಲ. ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಅದರ ಮೇಲೆ ಪ್ರಾಣಿಗಳ ಅಕ್ಯುಪಂಕ್ಚರ್ ತರಬೇತಿ ಎಲ್ಲಿ ಆಯಿತೆಂದು ಕೇಳಿ. 1974ರಲ್ಲಿ ಶುರುವಾದ ಅಂತರರಾಷ್ಟ್ರೀಯ ಪಶುವೈದ್ಯಕೀಯ ಅಕ್ಯುಪಂಕ್ಚರ್ ಸೊಸೈಟಿಯಂಥ ಸಂಸ್ಥೆಗಳು ಪಶುವೈದ್ಯರಿಗೆ ಮಾತ್ರ ಸರ್ಟಿಫಿಕೇಟ್ ಕೊಡುತ್ತವೆ.

ಡ್ಯಾಶ್‌ಹುಂಡ್, ಬೀಗಲ್, ಶಿ ಟ್ಸು: ಬೆನ್ನಿನ ಡಿಸ್ಕ್ ಜಾರಿದಾಗ

ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ಗಂಟೆಗಳ ಲೆಕ್ಕ. ಒಂದನೇ ಹಂತ ಬರೀ ನೋವು. ಎರಡು, ತೂರಾಡುತ್ತ ನಡೆಯುವುದು. ಮೂರು, ಎದ್ದು ನಡೆಯಲಾಗದು, ಆದರೆ ಕಾಲು ಆಡುತ್ತದೆ. ನಾಲ್ಕು, ಕಾಲು ಪೂರ್ತಿ ಸೋತಿದೆ, ನೋವು ಮಾತ್ರ ತಿಳಿಯುತ್ತದೆ. ಐದು, ಬೆರಳಿನ ಮೂಳೆಯನ್ನು ಫೋರ್ಸೆಪ್ಸ್‌ನಿಂದ ಒತ್ತಿದರೂ ಗೊತ್ತಾಗುವುದಿಲ್ಲ. ಇಲ್ಲೊಂದು ಗೊಂದಲ ಸಾಮಾನ್ಯ: ಬೆರಳು ಒತ್ತಿದಾಗ ಕಾಲು ಹಿಂದಕ್ಕೆ ಎಳೆದುಕೊಂಡರೆ ನೋವು ತಿಳಿಯಿತೆಂದು ಅರ್ಥವಲ್ಲ, ಅದು ಬರೀ ರಿಫ್ಲೆಕ್ಸ್. ನಾಯಿ ತಲೆ ತಿರುಗಿಸಬೇಕು, ಕುಂಯ್‌ಗುಡಬೇಕು ಅಥವಾ ಕಚ್ಚಲು ಬರಬೇಕು.

ಒಂದು, ಎರಡನೇ ಹಂತಕ್ಕೆ ನಾಲ್ಕು ವಾರ ಕಟ್ಟುನಿಟ್ಟಾಗಿ ಪಂಜರದ ವಿಶ್ರಾಂತಿ, ನೋವಿನ ಔಷಧಿ. ಅಕ್ಯುಪಂಕ್ಚರ್ ಜೊತೆಗೆ ಸೇರಬಹುದು. ಸೂಜಿಯಿಂದ ನೋವು ಇಳಿದು ನಾಯಿ ಸೋಫಾಗೆ ಹಾರಿತೆಂದರೆ ಡಿಸ್ಕ್ ಇನ್ನಷ್ಟು ಜಾರುತ್ತದೆ. ನೋವು ಹೋಯಿತೆಂದು ಪಂಜರ ತೆಗೆದು ಎರಡನೇ ಹಂತದ ನಾಯಿಯನ್ನು ನಾಲ್ಕನೇ ಹಂತಕ್ಕೆ ತಂದುಕೊಳ್ಳುವುದು ಹೊಸದೇನಲ್ಲ. ಮೂರರಿಂದ ಮೇಲೆ ಎಂಆರ್‌ಐ ಮತ್ತು ಆಪರೇಷನ್ ಮಾತು. ಆಳದ ನೋವು ತಿಳಿಯುವಾಗಲೇ ಆಪರೇಷನ್ ಆದರೆ ಹತ್ತರಲ್ಲಿ ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಅದು ಹೋದ ಮೇಲೆ ಸುಮಾರು ಅರ್ಧ.

ಆಪರೇಷನ್ ಬದಲು ಸೂಜಿ ಸಾಕು ಎನ್ನುವವರು ಬ್ರೆಜಿಲ್‌ನಿಂದ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸುತ್ತಾರೆ. ತೀವ್ರವಾಗಿ ಕಾಲು ಸೋತು 48 ಗಂಟೆ ದಾಟಿದ್ದ 40 ನಾಯಿಗಳಲ್ಲಿ ಎಲೆಕ್ಟ್ರೋ ಅಕ್ಯುಪಂಕ್ಚರ್ ಪಡೆದ 19ರಲ್ಲಿ 15, ಬರೀ ಆಪರೇಷನ್ ಆದ 10ರಲ್ಲಿ 4, ಎರಡೂ ಆದ 11ರಲ್ಲಿ 8 ಸುಧಾರಿಸಿದವು. ಅಂಕಿ ನಿಜ. ಆದರೆ ಯಾವ ನಾಯಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿ ನಿರ್ಧರಿಸಿದ್ದಲ್ಲ, ಆಪರೇಷನ್ ಆದದ್ದೂ ತಡವಾಗಿ. ಇದರಿಂದ ತಿಳಿಯುವುದು ಇಷ್ಟು: ಆಪರೇಷನ್ ಕೈಗೆಟುಕದೆ ಎರಡು ದಿನ ಕಳೆದುಹೋದ ನಾಯಿಯ ಆಸೆ ಬಿಡಬೇಕಾಗಿಲ್ಲ, ಎಲೆಕ್ಟ್ರೋ ಅಕ್ಯುಪಂಕ್ಚರ್ ಶುರುಮಾಡಿ. ಮೊದಲ ದಿನವೇ ಆಪರೇಷನ್ ಸಾಧ್ಯವಿರುವ ನಾಯಿಗೆ ಇದು ಪರ್ಯಾಯವಲ್ಲ. ಮೂತ್ರ ತಾನಾಗಿ ಬರದಿದ್ದರೆ ದಿನಕ್ಕೆ ಮೂರು–ನಾಲ್ಕು ಸಲ ಕೈಯಿಂದ ಒತ್ತಿ ಖಾಲಿ ಮಾಡುವುದನ್ನು ಆಸ್ಪತ್ರೆಯಲ್ಲೇ ಕಲಿತುಕೊಂಡು ಬನ್ನಿ.

ನೀರು, ಲೇಸರ್, ಕತ್ತರಿ

ನೀರಿನ ಟ್ರೆಡ್‌ಮಿಲ್‌ನ ಲಾಭ ಲೆಕ್ಕಕ್ಕೆ ಸಿಗುವಂಥದು. ನೀರು ಹಿಮ್ಮಡಿ ಕೀಲಿನವರೆಗಿದ್ದರೆ ಕಾಲಿನ ಮೇಲೆ ತೂಕದ ಶೇಕಡ 91 ಬೀಳುತ್ತದೆ, ಮೊಣಕಾಲಿನವರೆಗಿದ್ದರೆ 85, ಸೊಂಟದ ಕೀಲಿನವರೆಗೆ ಬಂದರೆ ಬರೀ 38. ಅಂದರೆ ಮೊಣಕಾಲುದ್ದ ನೀರಿನಲ್ಲಿ ನಡೆಸಿ ಕೀಲಿಗೆ ಭಾರ ಇಳಿಯಿತು ಎನ್ನುವುದರಲ್ಲಿ ಅರ್ಥವಿಲ್ಲ. ಮೊದಲ ದಿನ ಎರಡೆರಡು ನಿಮಿಷದ ಮೂರು ಸುತ್ತು ಸಾಕು. ಹೊಲಿಗೆ ಒಣಗದೆ, ಕಿವಿ ಅಥವಾ ಚರ್ಮದ ಸೋಂಕು ವಾಸಿಯಾಗದೆ ನೀರಿಗಿಳಿಸಬಾರದು. ಸ್ನಾಯು ಬೆಳೆಸಲು ಇದಕ್ಕಿಂತ ಒಳ್ಳೆಯದಿಲ್ಲ, ಸೂಜಿಯಿಂದ ಅದು ಆಗುವುದಿಲ್ಲ. ಲೇಸರ್ ನೋವಿಲ್ಲದ್ದು, ಸೂಜಿಗೆ ಹೆದರುವ ನಾಯಿಗೆ ಅನುಕೂಲ. ಗಡ್ಡೆಯ ಮೇಲೆ ಹಿಡಿಯಬಾರದು, ಕಣ್ಣಿಗೆ ಬೀಳಬಾರದು, ಕಪ್ಪು ಕೂದಲಿನ ಚರ್ಮ ಬೇಗ ಕಾಯುತ್ತದೆ.

ಕ್ರೂಸಿಯೇಟ್ ಹರಿದ ಮೂವತ್ತು ಕೆಜಿ ನಾಯಿಗೆ ಉತ್ತರ ಆಪರೇಷನ್ನೇ. ಮೂಳೆಯ ಇಳಿಜಾರನ್ನು ಕತ್ತರಿಸಿ ತಿರುಗಿಸಿ ಪ್ಲೇಟ್ ಹಾಕುವ ಟಿಪಿಎಲ್‌ಒ ಅದರಲ್ಲಿ ಹೆಚ್ಚು ಭರವಸೆಯದು. ಮೂಳೆ ಕೂಡಲು ಎಂಟರಿಂದ ಹತ್ತು ವಾರ. ಅಷ್ಟು ದಿನ ಮೆಟ್ಟಿಲಿಲ್ಲ, ಹಾರುವುದಿಲ್ಲ, ಹಗ್ಗ ಬಿಚ್ಚುವಂತಿಲ್ಲ. ಸುಮಾರು ಅರ್ಧದಷ್ಟು ನಾಯಿಗಳಿಗೆ ಮುಂದೆ ಇನ್ನೊಂದು ಮೊಣಕಾಲಿನ ಲಿಗಮೆಂಟೂ ಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಹಣ ಎತ್ತಿಡಿ. ಹರಿದ ಲಿಗಮೆಂಟನ್ನು ಯಾವ ಸೂಜಿಯೂ ಬಿಗಿ ಮಾಡುವುದಿಲ್ಲ. ಸೊಂಟದ ಕೀಲು ತೀರಾ ಕೆಟ್ಟಿದ್ದರೆ ತೊಡೆಮೂಳೆಯ ತಲೆಯನ್ನು ತೆಗೆದುಹಾಕುವ ಆಪರೇಷನ್ ಇಪ್ಪತ್ತು ಕೆಜಿಯೊಳಗಿನ ನಾಯಿಗಳಲ್ಲಿ ಚೆನ್ನಾಗಿ ಒಗ್ಗುತ್ತದೆ, ಆದರೆ ಕೆಲವೇ ದಿನದಲ್ಲಿ ಕಾಲು ಆಡಿಸುವ ವ್ಯಾಯಾಮ ಶುರುವಾಗದಿದ್ದರೆ ಕಾಲು ಗಿಡ್ಡವಾಗಿ ಬಿಗಿದುಬಿಡುತ್ತದೆ.

ಯಾವುದನ್ನು ಆರಿಸಿದರೂ ಬಿಡಬಾರದ ಎರಡು: ತಕ್ಕಡಿ ಮತ್ತು ನೆಲ

ಮೂವತ್ತು ಕೆಜಿ ಇರಬೇಕಾದ ಲ್ಯಾಬ್ರಡಾರ್ ಮೂವತ್ತಾರು ಕೆಜಿ ಇದ್ದರೆ ಮೇಲಿನ ಎಲ್ಲದರ ಫಲವೂ ಅರ್ಧ. ತೂಕದಲ್ಲಿ ಶೇಕಡ ಆರು ಇಳಿದರೆ, ಅಂದರೆ ಎರಡು ಕೆಜಿ ಚಿಲ್ಲರೆ, ಕುಂಟು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಒಂದೇ ಸೂಲಿನ ಜೋಡಿಗಳಂತೆ 48 ಲ್ಯಾಬ್ರಡಾರ್‌ಗಳನ್ನು ಜೀವನಪೂರ್ತಿ ಗಮನಿಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲುಭಾಗ ಕಡಿಮೆ ತಿಂದ ಗುಂಪಿನ ಮಧ್ಯಮ ಆಯಸ್ಸು 13 ವರ್ಷ, ಉಳಿದವುಗಳದ್ದು 11.2. ಕೀಲು ಸವೆತವೂ ಅವುಗಳಲ್ಲಿ ತಡವಾಗಿ ಬಂತು.

ಮೂವತ್ತು ಕೆಜಿಗೆ ಇಳಿಯಬೇಕಾದ ನಾಯಿಗೆ ದಿನಕ್ಕೆ ಸುಮಾರು 900 ಕ್ಯಾಲೊರಿಯಿಂದ ಶುರುಮಾಡುತ್ತಾರೆ. ನೂರು ಗ್ರಾಂ ಅನ್ನಕ್ಕೇ 130 ಆಯಿತು. ಅದರ ಮೇಲೆ ಮೊಸರು, ತಾತನ ತಟ್ಟೆಯಿಂದ ಒಂದು ಚಪಾತಿ, ಕಾಫಿ ಹೊತ್ತಿಗೆ ನಾಲ್ಕು ಬಿಸ್ಕತ್ತು. ಅನ್ನವನ್ನು ಅಳೆದು, ಬಿಸ್ಕತ್ತಿನ ಜಾಗಕ್ಕೆ ಬೇಯಿಸಿದ ಹುರುಳಿಕಾಯಿ ಅಥವಾ ಸೌತೆಕಾಯಿ ತುಂಡು ಕೊಡಿ. ವಾರಕ್ಕೆ ತೂಕದ ಶೇಕಡ ಒಂದರಿಂದ ಎರಡು ಇಳಿದರೆ ಸರಿ. ಮೀನೆಣ್ಣೆ ಪ್ರಯೋಜನಕ್ಕೆ ಬರುತ್ತದೆ, ಆದರೆ ಪ್ರಮಾಣ ಮುಟ್ಟಬೇಕು: ಅದರಲ್ಲಿರುವ ಒಮೆಗಾ-3 ಕೊಬ್ಬುಗಳಾದ ಇಪಿಎ ಮತ್ತು ಡಿಎಚ್‌ಎ ಸೇರಿ ಕೆಜಿಗೆ ಸುಮಾರು 100 ಮಿಲಿಗ್ರಾಂ. ಸಾಧಾರಣ ಕ್ಯಾಪ್ಸೂಲಿನ ಮೇಲೆ 1000 ಎಂದು ಬರೆದಿದ್ದರೂ ಒಳಗೆ ಇವೆರಡೂ ಸೇರಿ 300 ಮಾತ್ರ. ದಿನಕ್ಕೊಂದು ಹಾಕಿ ಫಲವಿಲ್ಲ ಎನ್ನುವುದರ ಕಾರಣ ಅದೇ. ಒಮ್ಮೆಲೇ ಹೆಚ್ಚಿಸಿದರೆ ಭೇದಿಯಾಗುತ್ತದೆ, ಎಣ್ಣೆಯ ಕ್ಯಾಲೊರಿಯೂ ಲೆಕ್ಕಕ್ಕೆ ಬರಬೇಕು. ಕೀಲಿಗೆಂದು ಮಾರುವ ಗ್ಲುಕೋಸಮೈನ್‌ಗೆ ಅಷ್ಟು ಪುರಾವೆ ಇಲ್ಲ; ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೆ ಎಂದರೆ ಮೊದಲು ಬಿಡಬೇಕಾದದ್ದು ಅದನ್ನೇ.

ನೆಲದ ಮಾತು: ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್, ಪಾಲಿಶ್ ಮಾಡಿದ ಮೊಸಾಯಿಕ್ ಮೇಲೆ ಸೊಂಟ ಸೋತ ನಾಯಿ ದಿನಕ್ಕೆ ಹತ್ತಾರು ಸಲ ಜಾರುತ್ತದೆ, ಪ್ರತಿ ಸಲವೂ ಸ್ನಾಯು ಉಳುಕುತ್ತದೆ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಯೋಗ ಮ್ಯಾಟ್ ಅಥವಾ ರಬ್ಬರ್ ತಳದ ಕಾಲೊರೆಸು ಸಾಲಾಗಿ ಹಾಸಿ. ಪಾದದ ಮೆತ್ತೆಗಳ ನಡುವಿನ ಕೂದಲು ಕತ್ತರಿಸಿ, ಉಗುರು ನೆಲಕ್ಕೆ ತಾಗಿ ಟಕಟಕ ಎನ್ನದಂತೆ ನೋಡಿಕೊಳ್ಳಿ.

ಬೆಕ್ಕು ಇದ್ದವರಿಗೆ

ಕೀಲು ಸವೆದ ಬೆಕ್ಕು ಸಾಮಾನ್ಯವಾಗಿ ಕುಂಟುವುದಿಲ್ಲ, ಹಾರುವುದನ್ನು ನಿಲ್ಲಿಸುತ್ತದೆ. ಕಿಟಕಿಗೆ ನೇರ ಹಾರುತ್ತಿದ್ದದ್ದು ಕುರ್ಚಿ ಹತ್ತಿ ಹೋಗುತ್ತದೆ. ಸೊಂಟದ ಬಳಿ ನೆಕ್ಕಿಕೊಳ್ಳಲಾಗದೆ ಕೂದಲು ಗಂಟಾಗುತ್ತದೆ. ಟ್ರೇಯ ಅಂಚು ದಾಟಲಾಗದೆ ಹೊರಗೆ ಮಾಡುತ್ತದೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ, ಒಂದು 500 ಮಿಲಿಗ್ರಾಂ ಮಾತ್ರೆ ಸಾಕು. ಮೆಲಾಕ್ಸಿಕಾಂ ನಾಯಿಯ ಅರ್ಧ ಪ್ರಮಾಣಕ್ಕಿಂತ ಹೆಚ್ಚಬಾರದು, ಅದೂ ಕಿಡ್ನಿ ನೋಡಿಸಿಕೊಂಡು. ಅಮೆರಿಕದಲ್ಲಂತೂ ಬೆಕ್ಕಿಗೆ ಮತ್ತೆಮತ್ತೆ ಕೊಡಬಾರದೆಂಬ ಎಚ್ಚರಿಕೆ ಅದರ ಪೆಟ್ಟಿಗೆಯ ಮೇಲೇ ಇದೆ. ವಯಸ್ಸಾದ ಬೆಕ್ಕುಗಳಲ್ಲಿ ಕಿಡ್ನಿ ಕಾಯಿಲೆ ಸಾಮಾನ್ಯವಾದ್ದರಿಂದ ಅಕ್ಯುಪಂಕ್ಚರ್ ಪರಿಗಣಿಸಲು ನಾಯಿಗಿಂತ ಬೆಕ್ಕಿಗೇ ಹೆಚ್ಚು ಕಾರಣಗಳಿವೆ. ನಾಲ್ಕರಿಂದ ಎಂಟು ಸಣ್ಣ ಸೂಜಿ, ಹತ್ತು ನಿಮಿಷ, ಅಷ್ಟೇ. ಕ್ಲಿನಿಕ್ಕಿಗೆ ಹೋಗುವುದೇ ಅದಕ್ಕೆ ದೊಡ್ಡ ಹಿಂಸೆ. ವೈದ್ಯರು ಒಪ್ಪಿದರೆ ಹೊರಡುವ ಎರಡು–ಮೂರು ಗಂಟೆ ಮುಂಚೆ ಗ್ಯಾಬಪೆಂಟಿನ್ ಕೊಡಬಹುದು, ದೊಡ್ಡ ಬೆಕ್ಕಿಗೆ 100 ಮಿಲಿಗ್ರಾಂ, ಸಣ್ಣದಕ್ಕೆ ಅಥವಾ ಕಿಡ್ನಿ ಸೋತದ್ದಕ್ಕೆ ಅದರ ಅರ್ಧ. ಮೇಲಿನ ಮುಚ್ಚಳ ಪೂರ್ತಿ ಬಿಚ್ಚುವ ಬುಟ್ಟಿಯಲ್ಲಿ ಒಯ್ದರೆ ಬೆಕ್ಕನ್ನು ಹೊರಗೆ ಎಳೆಯದೆ, ಬುಟ್ಟಿಯ ತಳದಲ್ಲಿ ಮಲಗಿದಂತೆಯೇ ಸೂಜಿ ಹಾಕಬಹುದು. ಮನೆಗೇ ಬರುವ ವೈದ್ಯರು ಸಿಕ್ಕರೆ ಇನ್ನೂ ಒಳ್ಳೆಯದು. ಅವರು ಬರುವ ಅರ್ಧ ಗಂಟೆ ಮೊದಲೇ ಬೆಕ್ಕನ್ನು ಒಂದು ಕೋಣೆಯಲ್ಲಿ ಬಿಟ್ಟು, ಮಂಚದ ಕೆಳಗಿನ ಸಂದು ಮುಚ್ಚಿಡಿ.